ಹೆಲಿಕಾನ್ ಬೆಟ್ಟ: ಗ್ರೀಕರ ಒಂದು ಸ್ಥಳಪುರಾಣ

ನಮ್ಮ ನಾಡಿನಲ್ಲಿ ಕಥೆಯಿಲ್ಲದ ಬೆಟ್ಟವಿಲ್ಲ. ಒಂದು ಗುಡ್ಡದ ಮೇಲೆ ಭೀಮ ಊರಿದ ಹೆಜ್ಜೆ, ಇನ್ನೊಂದರ ಬುಡದಲ್ಲಿ ಸೀತೆ ಮಿಂದ ದೊಣೆ, ಮತ್ತೊಂದರ ನೆತ್ತಿಯಲ್ಲಿ ಋಷಿ ತಪಸ್ಸು ಮಾಡಿದ ಗವಿ. ಊರಿನಲ್ಲಿದ್ದಾಗ ಇವನ್ನು ನಾವು ಹಿರಿಯರ ಬಾಯಿಂದ ಕೇಳಿದೆವು. ಅರ್ಧ ನಂಬಿದೆವು, ಅರ್ಧ ನಕ್ಕು ಬಿಟ್ಟೆವು. ಹೊಟ್ಟೆಪಾಡಿಗಾಗಿ ದೂರದ ಪಟ್ಟಣಕ್ಕೆ ಬಂದ ಮೇಲೆ ಅವೇ ಕಥೆಗಳು ಮತ್ತೆ ನೆನಪಿಗೆ ಬರುತ್ತವೆ. ಆಗ ನಗು ಬರುವುದಿಲ್ಲ.

ಇಂಥ ಕಥೆಗಳು ಹುಟ್ಟಿದ್ದು ನಮ್ಮಲ್ಲಿ ಮಾತ್ರವೇ ಅಲ್ಲ. ಪುರಾತನ ಗ್ರೀಕರೂ ತಮ್ಮ ಬೆಟ್ಟಗಳಿಗೆ ಪುರಾಣಗಳನ್ನು ಕಟ್ಟಿದರು. ಗ್ರೀಕರ ಹೆಸರು ಕನ್ನಡಿಗರಿಗೆ ತೀರ ಹೊಸದೇನೂ ಅಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸಾಫೋಕ್ಲಿಸನ ಒಂದು ನಾಟಕದ ಆಧಾರದ ಮೇಲೆ ‘ಅಶ್ವತ್ಥಾಮನ್’ ಬರೆದರು, ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಆದರೆ ಆ ನಾಟಕಗಳಿಗಿಂತಲೂ ಹಿಂದಿನವು ಗ್ರೀಕರ ಬೆಟ್ಟದ ಕಥೆಗಳು. ಈ ಪಾಠದಲ್ಲಿ ಅಂಥ ಒಂದು ಬೆಟ್ಟವನ್ನು ಮಾತ್ರ ಆರಿಸಿಕೊಂಡಿದ್ದೇವೆ. ಅದರ ಹೆಸರು ಹೆಲಿಕಾನ್. ಗ್ರೀಸಿನ ಬೆಟ್ಟಗಳಲ್ಲಿ ಅದು ಅತಿ ಎತ್ತರದ್ದೂ ಅಲ್ಲ, ಅತಿ ಪ್ರಸಿದ್ಧವಾದುದೂ ಅಲ್ಲ. ಆದರೂ ಅದನ್ನೇ ಆರಿಸಿದ್ದಕ್ಕೆ ಕಾರಣವೇನೆಂಬುದು ಓದುತ್ತ ಹೋದಂತೆ ವಾಚಕರಿಗೆ ತಿಳಿಯುವುದು.

1. ಬೆಟ್ಟಗಳೂ ದೇವತೆಗಳೂ

ಗ್ರೀಸ್ ದೇಶದ ಬಹುಭಾಗ ಬೆಟ್ಟಗುಡ್ಡ. ನಡುನಡುವೆ ಚಿಕ್ಕ ಚಿಕ್ಕ ಬಯಲುಗಳು, ಸುತ್ತಲೂ ಸಮುದ್ರ. ಬಯಲಿನಲ್ಲಿ ಎಲ್ಲಿ ನಿಂತರೂ ಕಣ್ಣೆತ್ತಿದರೆ ಒಂದು ಶಿಖರ ಕಾಣುತ್ತದೆ. ಮೋಡ ಮೊದಲು ಕೂಡುವುದು ಅಲ್ಲಿ, ಸಿಡಿಲು ಮೊದಲು ಬಡಿಯುವುದು ಅಲ್ಲಿ, ಹಳ್ಳ ಹುಟ್ಟುವುದೂ ಅಲ್ಲಿಂದಲೇ. ಆದುದರಿಂದ ಮಳೆಗೂ ಸಿಡಿಲಿಗೂ ಒಡೆಯನಾದ ಜ್ಯೂಸ್ ದೇವನು ಬೆಟ್ಟದ ತುದಿಯಲ್ಲಿ ಇರುತ್ತಾನೆಂದು ಜನ ನಂಬಿದುದು ಸಹಜವೇ. ಜ್ಯೂಸ್ ಎಂಬ ಹೆಸರೂ ನಮ್ಮ ವೇದದ ‘ದ್ಯೌಃ’ ಎಂಬ ಹೆಸರೂ ಒಂದೇ ಮೂಲದಿಂದ ಬಂದವು. ಎರಡರಲ್ಲಿಯೂ ಆಕಾಶದ ಅರ್ಥವಿದೆ.

ಒಂದೊಂದು ಬೆಟ್ಟಕ್ಕೂ ಒಂದೊಂದು ಕಥೆಯುಂಟು. 2,917 ಮೀಟರ್ ಎತ್ತರದ ಒಲಿಂಪಸ್ ದೇವತೆಗಳ ಮನೆ. ಕ್ರೀಟ್ ದ್ವೀಪದ ಬೆಟ್ಟದ ಗವಿಯಲ್ಲಿ ಜ್ಯೂಸನನ್ನು ಶಿಶುವಾಗಿದ್ದಾಗ ಅಡಗಿಸಿ ಸಾಕಿದರು. ಪಾರ್ನಾಸಸ್ ಬೆಟ್ಟಕ್ಕೆ ಪ್ರಳಯಕಾಲದಲ್ಲಿ ಡ್ಯುಕೇಲಿಯನ್ ಎಂಬವನ ನಾವೆ ಬಂದು ತಗುಲಿತು. ಅವನೂ ಅವನ ಹೆಂಡತಿಯೂ ಬೆನ್ನ ಹಿಂದಕ್ಕೆ ಎಸೆದ ಕಲ್ಲುಗಳು ಮನುಷ್ಯರಾದವು. ಮತ್ಸ್ಯಾವತಾರದ ಕಥೆ ಬಲ್ಲವರಿಗೆ ನಾವೆ ಬೆಟ್ಟಕ್ಕೆ ತಗುಲಿದ ಈ ಮಾತು ಪರಿಚಿತವೆನಿಸದೆ ಇರದು. ಕಿತೇರಾನ್ ಬೆಟ್ಟದಲ್ಲಿ ಈಡಿಪಸ್ ಎಂಬ ರಾಜಕುಮಾರನನ್ನು ಹಸುಳೆಯಾಗಿದ್ದಾಗಲೇ ಸಾಯಲೆಂದು ಬಿಟ್ಟರು. ಕುರಿಗಾಹಿಗಳ ಕರುಣೆಯಿಂದ ಅವನು ಉಳಿದನು.

ಈ ಕಥೆಗಳಲ್ಲೆಲ್ಲ ಬೆಟ್ಟವು ದೇವರದೋ ರಾಜನದೋ ಆಗಿದೆ. ಹೆಲಿಕಾನಿನ ಕಥೆಯ ಕೇಂದ್ರದಲ್ಲಿ ಇರುವವನಾದರೋ ಒಬ್ಬ ಬಡ ರೈತನ ಮಗ.

2. ಹೆಲಿಕಾನಿನ ನೆಲ

ಆಥೆನ್ಸಿನಿಂದ ವಾಯವ್ಯಕ್ಕೆ ತೊಂಬತ್ತು ಕಿಲೋಮೀಟರುಗಳಷ್ಟು ದೂರದಲ್ಲಿ, ಬಿಯೋಷಿಯ ಎಂಬ ಪ್ರಾಂತದಲ್ಲಿ ಹೆಲಿಕಾನ್ ಇದೆ. ಅದರ ಅತ್ಯುನ್ನತ ಶಿಖರ ಸುಮಾರು 1,750 ಮೀಟರ್. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗಿಂತ ತುಸು ಕುಳ್ಳು. ದಕ್ಷಿಣಕ್ಕೆ ಕೊರಿಂತ್ ಕೊಲ್ಲಿಯ ನೀರು. ಈಶಾನ್ಯಕ್ಕೆ ಹಿಂದೆ ಕೊಪಾಯಿಸ್ ಎಂಬ ಆಳವಿಲ್ಲದ ದೊಡ್ಡ ಸರೋವರವಿದ್ದಿತು. ಅದನ್ನು ಬತ್ತಿಸಿ ಈಗ ಹೊಲಗಳನ್ನಾಗಿ ಮಾಡಿದ್ದಾರೆ. ಪಶ್ಚಿಮಕ್ಕೆ ಪಾರ್ನಾಸಸ್, ಆಗ್ನೇಯದ ಕಡೆಗೆ ಕಿತೇರಾನ್.

ಬೆಟ್ಟದ ಪೂರ್ವದ ಮಗ್ಗುಲಲ್ಲಿ ಒಂದು ತಗ್ಗು ಕಣಿವೆಯಿದೆ. ಹಳ್ಳಗಳು ಹರಿಯುವುದರಿಂದ ಅಲ್ಲಿ ಹಸಿರು ಉಂಟು. ಕುರಿ ಆಡುಗಳಿಗೆ ಇದು ಒಳ್ಳೆಯ ಮೇವಿನ ತಾಣ. ಈ ಕಣಿವೆಯ ಅಂಚಿನಲ್ಲಿಯೇ ಆಸ್ಕ್ರ ಎಂಬ ಹಳ್ಳಿಯಿದ್ದಿತು. ಹತ್ತಿರದ ಪಟ್ಟಣ ಥೆಸ್ಪಿಯೇ. ತನ್ನ ನೆರಳನ್ನೇ ನೀರಿನಲ್ಲಿ ಕಂಡು ಮೋಹಗೊಂಡು ಸೊರಗಿಹೋದ ನಾರ್ಸಿಸಸ್ ಎಂಬ ಯುವಕನ ಕೊಳವೂ ಆ ಪಟ್ಟಣದ ಸೀಮೆಯಲ್ಲೇ ಇದ್ದಿತೆಂದು ಹೇಳುತ್ತಿದ್ದರು.

3. ಊರು ಬಿಟ್ಟು ಬಂದವನ ಮಗ

ಕ್ರಿಸ್ತಪೂರ್ವ 700ರ ಸುಮಾರಿಗೆ ಈ ಆಸ್ಕ್ರದಲ್ಲಿ ಹೆಸಿಯಡ್ ಎಂಬ ಕವಿಯಿದ್ದನು. ಅವನ ಎರಡು ಕಾವ್ಯಗಳು ನಮಗೆ ಉಳಿದು ಬಂದಿವೆ. ಒಂದು ‘ಥಿಯೋಗನಿ’, ಅಂದರೆ ದೇವತೆಗಳ ಹುಟ್ಟಿನ ಕಥೆ. ಸಾವಿರಕ್ಕೆ ತುಸು ಹೆಚ್ಚು ಸಾಲುಗಳದ್ದು. ಇನ್ನೊಂದು ‘ದುಡಿಮೆಗಳು ಮತ್ತು ದಿನಗಳು’; 828 ಸಾಲುಗಳದ್ದು.

ಅವನ ಮನೆತನದ ಕಥೆಯನ್ನು ಅವನೇ ಹೇಳಿದ್ದಾನೆ. ಅವನ ತಂದೆ ಆಸ್ಕ್ರದವನಲ್ಲ. ಕಡಲಿನ ಆಚೆಯ ದಡದಲ್ಲಿ, ಇಂದು ತುರ್ಕಿ ದೇಶಕ್ಕೆ ಸೇರಿದ ಕರಾವಳಿಯಲ್ಲಿ, ಕ್ಯೂಮೆ ಎಂಬ ಊರಿನವನು. ಹಡಗಿನ ವ್ಯಾಪಾರದಲ್ಲಿ ಹೊಟ್ಟೆ ಹೊರೆಯಲು ನೋಡಿದನು. ಅದು ಕೈಗೂಡಲಿಲ್ಲ. ಐಶ್ವರ್ಯಕ್ಕೆ ಬೇಸತ್ತು ಊರು ಬಿಟ್ಟವನಲ್ಲ ನಮ್ಮಪ್ಪ, ಬಡತನಕ್ಕೆ ಹೆದರಿ ಬಿಟ್ಟವನು ಎಂಬ ಅರ್ಥದ ಮಾತನ್ನು ಮಗನು ಯಾವ ಸಂಕೋಚವೂ ಇಲ್ಲದೆ ಆಡುತ್ತಾನೆ. ಸಮುದ್ರವನ್ನೇ ದಾಟಿ ಬಂದು ಆ ತಂದೆ ಹೆಲಿಕಾನಿನ ಬುಡದಲ್ಲಿ ನೆಲಸಿದನು.

ನೆಲಸಿದ ಊರಾದರೂ ಹೇಗಿದ್ದಿತು? ಹೆಸಿಯಡ್ ಅದನ್ನು ಹೊಗಳುವುದಿಲ್ಲ. ಅಲ್ಲಿನ ಚಳಿಯನ್ನೂ ಬೈಯುತ್ತಾನೆ, ಬೇಸಗೆಯನ್ನೂ ಬೈಯುತ್ತಾನೆ. ವರ್ಷದ ಯಾವ ಕಾಲಕ್ಕೂ ಅವನ ಬಾಯಲ್ಲಿ ಒಳ್ಳೆಯ ಮಾತಿಲ್ಲ. ಬಡಗಣ ಗಾಳಿ ಬೀಸಿದಾಗ ಮರಗಳು ಉರುಳುವುದನ್ನೂ, ಕಾಡಿನ ಪ್ರಾಣಿಗಳು ಬಾಲವನ್ನು ಒಳಕ್ಕೆ ಎಳೆದುಕೊಂಡು ನಡುಗುವುದನ್ನೂ ಅವನು ವರ್ಣಿಸಿದ್ದಾನೆ. ಇದು ಪಂಡಿತನ ವರ್ಣನೆಯಲ್ಲ, ಆ ಚಳಿಯಲ್ಲಿ ಹೊರಗೆ ನಿಂತು ಅನುಭವಿಸಿದವನ ವರ್ಣನೆ.

ಆದರೆ ಇನ್ನೊಂದು ಕಾವ್ಯದಲ್ಲಿ ಅದೇ ಬೆಟ್ಟವನ್ನು ಅವನು ಪವಿತ್ರವಾದ ಹೆಲಿಕಾನ್ ಎಂದು ಕರೆಯುತ್ತಾನೆ. ಊರು ಕೆಟ್ಟದ್ದು, ಬೆಟ್ಟ ಪವಿತ್ರ. ಈ ಎರಡು ಮಾತುಗಳೂ ಒಂದೇ ಬಾಯಿಂದ ಹೇಗೆ ಬಂದವು? ಇದೇ ಈ ಪಾಠದ ಮುಖ್ಯ ಪ್ರಶ್ನೆ.

4. ನೆನಪಿನ ಒಂಬತ್ತು ಹೆಣ್ಣುಮಕ್ಕಳು

ಹೆಸಿಯಡ್ ಹೇಳುವ ಕಥೆ ಹೀಗಿದೆ. ಮ್ಯೂಸ್ ಎಂಬ ದೇವಿಯರು ಒಂಬತ್ತು ಮಂದಿ. ಹಾಡು, ಕುಣಿತ, ಕಥೆ ಎಲ್ಲಕ್ಕೂ ಅವರೇ ಒಡತಿಯರು. ಅವರು ಹೆಲಿಕಾನಿನ ಹಳ್ಳಗಳಲ್ಲಿ ಮೀಯುತ್ತಾರೆ, ಬೆಟ್ಟದ ಮೇಲಣ ಚಿಲುಮೆಯ ಸುತ್ತಲೂ ಜ್ಯೂಸನ ಬಲಿಪೀಠದ ಸುತ್ತಲೂ ಕುಣಿಯುತ್ತಾರೆ. ರಾತ್ರಿ ಮಂಜನ್ನು ಹೊದ್ದುಕೊಂಡು ಹಾಡುತ್ತ ಇಳಿದು ಬರುತ್ತಾರೆ. ಅವನು ಕುರಿ ಕಾಯುತ್ತಿದ್ದಾಗ ಒಮ್ಮೆ ಅವರು ಎದುರಾದರು.

ದೇವಿಯರು ಮೊದಲು ಆಡಿದ್ದು ಪ್ರೀತಿಯ ಮಾತಲ್ಲ. ಕುರಿಗಾಹಿಗಳನ್ನು ಅವರು ಹೊಟ್ಟೆಬಾಕರೆಂದು ಜರಿದರು. ಆಮೇಲೆ ಒಂದು ವಿಚಿತ್ರವಾದ ಮಾತು ಹೇಳಿದರು: ನಿಜದಂತೆಯೇ ತೋರುವ ಸುಳ್ಳನ್ನು ಹೇಳಲೂ ನಮಗೆ ಬರುತ್ತದೆ, ಮನಸ್ಸು ಬಂದರೆ ನಿಜವನ್ನು ಹೇಳಲೂ ಬರುತ್ತದೆ ಎಂದು. ಕೊನೆಗೆ ಲಾರೆಲ್ ಮರದ ಕೋಲೊಂದನ್ನು ಅವನ ಕೈಗಿತ್ತು, ಅವನೊಳಗೆ ಹಾಡನ್ನು ಊದಿ ಹೋದರು. ಇದನ್ನು ಹೇಳುವಾಗ ಅವನು ತನ್ನ ಹೆಸರನ್ನೂ ಹೇಳಿದ್ದಾನೆ. ಹೋಮರನ ಕಾವ್ಯಗಳಲ್ಲಿ ಕವಿಯ ಹೆಸರು ಎಲ್ಲಿಯೂ ಇಲ್ಲ. ಉಳಿದು ಬಂದಿರುವ ಗ್ರೀಕ್ ಕಾವ್ಯದಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಂಡ ಮೊದಲನೆಯ ಕವಿ ಈ ಕುರಿಗಾಹಿ.

ಪುರಾಣವೆಲ್ಲ ಸುಳ್ಳೇ ಎಂದು ನಮ್ಮ ವಾಚನಾಲಯದಲ್ಲಿ ತರುಣರು ವಾದಿಸುವುದುಂಟು. ಗ್ರೀಕರ ದೇವಿಯರು ಆ ಪ್ರಶ್ನೆಗೆ ಎರಡು ಸಾವಿರದ ಏಳುನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಕಥೆಯಲ್ಲಿ ಸುಳ್ಳೂ ಇರುತ್ತದೆ, ನಿಜವೂ ಇರುತ್ತದೆ. ಬೇರ್ಪಡಿಸಿಕೊಳ್ಳುವ ಕೆಲಸ ಕೇಳುವವನದು.

ಈ ದೇವಿಯರ ತಂದೆ ಜ್ಯೂಸ್. ತಾಯಿ ಮ್ನೆಮೊಸಿನೆ. ಈ ಹೆಸರಿಗೆ ‘ನೆನಪು’ ಎಂದೇ ಅರ್ಥ. ನಮ್ಮ ‘ಮನಸ್ಸು’ ಎಂಬ ಶಬ್ದಕ್ಕೂ ಇದಕ್ಕೂ ಮೂಲದಲ್ಲಿ ನಂಟುಂಟು. ಒಂಬತ್ತು ರಾತ್ರಿ ಅವರಿಬ್ಬರೂ ಕೂಡಿದ್ದು, ಒಲಿಂಪಸ್ಸಿನ ಮಗ್ಗುಲಿನ ಪಿಯೇರಿಯ ಎಂಬಲ್ಲಿ ಒಂಬತ್ತು ಹೆಣ್ಣುಮಕ್ಕಳು ಹುಟ್ಟಿದರು: ಕ್ಲಿಯೊ, ಯುಟರ್ಪೆ, ಥಾಲಿಯ, ಮೆಲ್ಪೊಮಿನೆ, ಟರ್ಪ್ಸಿಕೊರೆ, ಎರಾಟೊ, ಪಾಲಿಮ್ನಿಯ, ಯುರೇನಿಯ, ಕ್ಯಾಲಿಯೊಪೆ. ಕ್ಲಿಯೊ ಇತಿಹಾಸಕ್ಕೆ, ಯುರೇನಿಯ ಜ್ಯೋತಿಶ್ಶಾಸ್ತ್ರಕ್ಕೆ, ಮೆಲ್ಪೊಮಿನೆ ದುಃಖಾಂತ ನಾಟಕಕ್ಕೆ ಎಂದು ಕೆಲಸಗಳನ್ನು ಹಂಚಿದ್ದು ಬಹಳ ಕಾಲದ ಮೇಲೆ.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸಂಗತಿಯಿದೆ. ನೆನಪು ಎಂಬ ತಾಯಿ ಈ ಮಕ್ಕಳನ್ನು ಹೆತ್ತಿದ್ದು ಏತಕ್ಕೆಂದರೆ, ಜನರು ತಮ್ಮ ಕಷ್ಟವನ್ನು ಮರೆಯಲಿ ಎಂದು. ಹೊಸ ದುಃಖದಲ್ಲಿ ಬೇಯುತ್ತಿರುವ ಮನುಷ್ಯನು ಹಿಂದಿನವರ ಕಥೆಯನ್ನು ಹಾಡುಗಾರನ ಬಾಯಲ್ಲಿ ಕೇಳಿದರೆ ಬೇಗನೆ ತನ್ನ ದುಃಖ ಮರೆಯುತ್ತಾನೆ ಎಂಬುದು ಹೆಸಿಯಡನ ವಿವರಣೆ. ನೆನಪಿನ ಹೊಟ್ಟೆಯಲ್ಲಿ ಮರೆವು ಹುಟ್ಟಿತು! ಮೊದಲು ಇದು ಒಗಟಿನಂತೆ ಕಾಣಬಹುದು. ಆದರೆ ಹಗಲೆಲ್ಲ ದುಡಿದು, ಸಂಜೆ ನಾಲ್ಕು ಜನ ಊರಿನವರ ಜೊತೆ ಕುಳಿತು ಒಂದು ಹಳೆಯ ಪದವನ್ನು ಕೇಳಿದವರಿಗೆ ಇದು ಒಗಟಲ್ಲ.

5. ಕುದುರೆಯ ಚಿಲುಮೆ

ಹೆಲಿಕಾನಿನ ಮೇಲಿನ ಚಿಲುಮೆಗೆ ಹಿಪೊಕ್ರೀನ್ ಎಂದು ಹೆಸರು. ‘ಕುದುರೆಯ ಚಿಲುಮೆ’ ಎಂದು ಅದರ ಅರ್ಥ. ರೆಕ್ಕೆಯುಳ್ಳ ಪೆಗಾಸಸ್ ಎಂಬ ಕುದುರೆ ಗೊರಸಿನಿಂದ ಬಂಡೆಯನ್ನು ಒದೆಯಲು ಅಲ್ಲಿ ನೀರು ಚಿಮ್ಮಿತು. ಕುದುರೆ ಬಂಡೆಯನ್ನು ಏಕೆ ಒದೆಯಿತು ಎಂಬುದಕ್ಕೆ ಸೊಗಸಾದ ಒಂದು ಕಥೆಯಿದೆ. ಪಿಯೆರಸ್ ಎಂಬವನಿಗೂ ಒಂಬತ್ತು ಹೆಣ್ಣುಮಕ್ಕಳು. ತಾವು ಮ್ಯೂಸ್ ದೇವಿಯರಿಗಿಂತ ಚೆನ್ನಾಗಿ ಹಾಡುತ್ತೇವೆಂದು ಅವರು ಪಂಥ ಕಟ್ಟಿದರು. ಪಂಥ ನಡೆದದ್ದು ಹೆಲಿಕಾನಿನ ಮೇಲೆ. ಆ ಹುಡುಗಿಯರು ಹಾಡಿದಾಗ ಲೋಕಕ್ಕೆ ಕತ್ತಲು ಕವಿಯಿತು, ಯಾರೂ ಕಿವಿಗೊಡಲಿಲ್ಲ. ದೇವಿಯರು ಹಾಡಿದಾಗ ಆಕಾಶ, ನಕ್ಷತ್ರ, ಸಮುದ್ರ, ನದಿಗಳೆಲ್ಲ ಸ್ತಬ್ಧವಾಗಿ ನಿಂತವು. ಹೆಲಿಕಾನ್ ಬೆಟ್ಟವಂತೂ ಆನಂದದಿಂದ ಉಬ್ಬುತ್ತ ಉಬ್ಬುತ್ತ ಆಕಾಶಕ್ಕೆ ಏರತೊಡಗಿತು. ಆಗ ಸಮುದ್ರದೇವನಾದ ಪೊಸೈಡನನ ಇಚ್ಛೆಯಂತೆ ಪೆಗಾಸಸ್ ಬೆಟ್ಟದ ನೆತ್ತಿಯನ್ನು ಗೊರಸಿನಿಂದ ಒದ್ದು ಅದನ್ನು ತಡೆಯಿತು. ಸೋತ ಹುಡುಗಿಯರು ಹಕ್ಕಿಗಳಾದರು.

ಬೆಟ್ಟವೇ ಸೋತ ಕಥೆಯೂ ಒಂದಿದೆ. ಬಿಯೋಷಿಯದವಳೇ ಆದ ಕೊರಿನ್ನ ಎಂಬ ಕವಯಿತ್ರಿಯ ಹರಿದ ಪದ್ಯವೊಂದು ಈಜಿಪ್ಟಿನ ಪಪೈರಸ್ ಹಾಳೆಯಲ್ಲಿ ಸಿಕ್ಕಿದೆ. ಅದರಲ್ಲಿ ಹೆಲಿಕಾನೂ ಕಿತೇರಾನೂ ಹಾಡುವ ಪಂದ್ಯ ಹೂಡುತ್ತವೆ. ದೇವತೆಗಳು ಚಿನ್ನದ ಪಾತ್ರೆಗಳಲ್ಲಿ ಹರಳು ಹಾಕಿ ಗುಟ್ಟಾಗಿ ಮತ ಕೊಡುತ್ತಾರೆ. ಹೆಚ್ಚು ಹರಳು ಬಿದ್ದದ್ದು ಕಿತೇರಾನಿಗೆ. ಸೋತ ಹೆಲಿಕಾನ್ ದುಃಖ ತಡೆಯಲಾರದೆ ತನ್ನ ಮೈಯಿಂದಲೇ ಒಂದು ದೊಡ್ಡ ಬಂಡೆಯನ್ನು ಕಿತ್ತು ಬೀಸಿ ಎಸೆಯಿತು, ಅದು ಪುಡಿಪುಡಿಯಾಯಿತು. ಬೆಟ್ಟದ ಮಗ್ಗುಲಲ್ಲಿ ಕಲ್ಲು ಚೆಲ್ಲಿರುವುದನ್ನು ಕಂಡ ಜನ ಇಂಥ ಕಥೆಯನ್ನು ಕಟ್ಟಿರಬೇಕೆಂದು ನಮಗೆ ತೋರುತ್ತದೆ.

ಇನ್ನೊಂದು ಕಥೆ ಗಂಭೀರವಾದುದು. ಒಂದು ದಿನ ನಡುಮಧ್ಯಾಹ್ನ, ಬೆಟ್ಟವೆಲ್ಲ ನಿಶ್ಶಬ್ದ. ಅಥೀನ ದೇವಿ ತನ್ನ ಗೆಳತಿ ಕಾರಿಕ್ಲೊ ಎಂಬವಳೊಡನೆ ಕುದುರೆಯ ಚಿಲುಮೆಯಲ್ಲಿ ಮೀಯುತ್ತಿದ್ದಳು. ಕಾರಿಕ್ಲೊವಿನ ಮಗ ಟೈರೀಸಿಯಸ್, ಆಗತಾನೆ ಗಡ್ಡ ಮೂಡುತ್ತಿದ್ದ ಹುಡುಗ, ಬೇಟೆಯಾಡುತ್ತ ಬಾಯಾರಿ ನೀರಿಗೆಂದು ಅಲ್ಲಿಗೆ ಬಂದನು. ನೋಡಬಾರದ್ದನ್ನು ನೋಡಿದನು. ಕಣ್ಣು ಕತ್ತಲಾಯಿತು. ತಾಯಿ ಗೋಳಾಡಿದಳು. ದೇವಿ ಹೇಳಿದಳು: ಇದು ನಾನು ಮಾಡಿದುದಲ್ಲ, ಹಿಂದಿನಿಂದ ಬಂದ ಕಟ್ಟಳೆ, ಕಣ್ಣನ್ನು ಮರಳಿ ಕೊಡಲು ಆಗದು. ಆದರೆ ಹಕ್ಕಿಗಳ ದನಿಯಿಂದ ಮುಂದಾಗುವುದನ್ನು ತಿಳಿಯುವ ಶಕ್ತಿಯನ್ನೂ, ದಾರಿ ತೋರುವ ಒಂದು ಕೋಲನ್ನೂ, ದೀರ್ಘಾಯುಸ್ಸನ್ನೂ ಅವನಿಗೆ ಕೊಟ್ಟಳು.

ಹೆಸಿಯಡನಿಗೂ ಕೋಲು, ಟೈರೀಸಿಯಸನಿಗೂ ಕೋಲು. ಈ ಬೆಟ್ಟದ ದೇವತೆಗಳು ಕೊಡುವ ವರ ರಾಜ್ಯವಲ್ಲ, ಸಂಪತ್ತಲ್ಲ. ಊರಿಕೊಂಡು ನಡೆಯಲು ಒಂದು ಕೋಲು ಮತ್ತು ಹೇಳಲು ಒಂದು ಮಾತು.

6. ಪಾಲಿನ ಜಗಳ

ಹೆಸಿಯಡನಿಗೆ ಪೆರ್ಸಿಸ್ ಎಂಬ ಒಡಹುಟ್ಟಿದವನಿದ್ದನು. ತಂದೆ ತೀರಿಕೊಂಡ ಮೇಲೆ ಇಬ್ಬರೂ ಹೊಲಮನೆ ಹಂಚಿಕೊಂಡರು. ಪೆರ್ಸಿಸ್ ತನ್ನ ಪಾಲಿಗಿಂತ ಹೆಚ್ಚನ್ನು ಕಬಳಿಸಿದನು, ನ್ಯಾಯ ಹೇಳುವ ಧಣಿಗಳ ಕೈ ಬಿಸಿ ಮಾಡಿದನು ಎಂಬುದು ಹೆಸಿಯಡನ ದೂರು. ‘ದುಡಿಮೆಗಳು ಮತ್ತು ದಿನಗಳು’ ಎಂಬ ಕಾವ್ಯ ಈ ಒಡಹುಟ್ಟಿದವನಿಗೆ ಹೇಳಿದ ಬುದ್ಧಿಮಾತು. ಊರಿನಲ್ಲಿ ಜಮೀನಿನ ಹಿಸ್ಸೆಯ ತಂಟೆ ಬಿಟ್ಟು ಪಟ್ಟಣಕ್ಕೆ ಬಂದಿರುವ ವಾಚಕರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಈ ಕಾವ್ಯದ ಭಾವ ಬೇಗ ಹಿಡಿಯುತ್ತದೆ.

ಅದರಲ್ಲಿ ಒಂದು ದೃಷ್ಟಾಂತವಿದೆ. ಗಿಡುಗನು ಕೋಗಿಲೆಯಂತೆ ಹಾಡುವ ನೈಟಿಂಗೇಲ್ ಹಕ್ಕಿಯನ್ನು ಉಗುರಿನಲ್ಲಿ ಹಿಡಿದು ಮೋಡದೆತ್ತರಕ್ಕೆ ಒಯ್ಯುತ್ತದೆ. ಹಕ್ಕಿ ಅಳುತ್ತದೆ. ನೀನು ಹಾಡುಗಾರ್ತಿಯಾದರೇನು, ಬಲ್ಲಿದನ ಕೈಗೆ ಸಿಕ್ಕಿದ್ದೀಯೆ, ತಿನ್ನುವುದೂ ಬಿಡುವುದೂ ನನ್ನಿಷ್ಟ ಎನ್ನುತ್ತದೆ ಗಿಡುಗ. ಇದನ್ನು ಧಣಿಗಳಿಗೆ ಹೇಳಿ, ಬಳಿಕ ಹೆಸಿಯಡ್ ಪೆರ್ಸಿಸನ ಕಡೆಗೆ ತಿರುಗುತ್ತಾನೆ: ಮೃಗಪಕ್ಷಿಗಳು ಒಂದನ್ನೊಂದು ತಿನ್ನಲಿ, ಮನುಷ್ಯನಿಗೆ ದೇವರು ಕೊಟ್ಟಿರುವುದು ನ್ಯಾಯವನ್ನು ಎನ್ನುತ್ತಾನೆ. ಜ್ಯೂಸನ ಮೂವತ್ತು ಸಾವಿರ ಕಾವಲುಗಾರರು ಮಂಜನ್ನು ಹೊದ್ದು ಭೂಮಿಯ ಮೇಲೆಲ್ಲ ತಿರುಗುತ್ತಾರೆ, ಮನುಷ್ಯರ ತೀರ್ಪುಗಳನ್ನೂ ಅನ್ಯಾಯಗಳನ್ನೂ ನೋಡುತ್ತಿರುತ್ತಾರೆ ಎಂದು ಎಚ್ಚರಿಸುತ್ತಾನೆ.

ಮಂಜನ್ನು ಹೊದ್ದ ದೇವಿಯರು, ಮಂಜನ್ನು ಹೊದ್ದ ಕಾವಲುಗಾರರು! ಬೆಟ್ಟದಿಂದ ಇಳಿದು ಬರುವ ಮಂಜನ್ನು ದಿನವೂ ಕಂಡವನಿಗೆ ಒಮ್ಮೆ ಅದರೊಳಗೆ ಹಾಡು ಕೇಳಿಸಿತು, ಒಮ್ಮೆ ಅದರೊಳಗೆ ನ್ಯಾಯದ ಕಣ್ಣು ಕಾಣಿಸಿತು ಎಂದು ನಾವು ತಿಳಿಯಬಹುದು. ಪುರಾಣ ಹುಟ್ಟುವ ಬಗೆ ಇದು.

ಜಗಳ ಎರಡು ವಿಧ ಎಂದೂ ಅವನು ಹೇಳುತ್ತಾನೆ. ಒಂದು ಕೆಡುಕಿನದು, ಅದು ಯುದ್ಧಕ್ಕೂ ವ್ಯಾಜ್ಯಕ್ಕೂ ಒಯ್ಯುತ್ತದೆ. ಇನ್ನೊಂದು ಒಳ್ಳೆಯದು, ಪಕ್ಕದವನು ದುಡಿದು ಮುಂದೆ ಬಂದುದನ್ನು ಕಂಡು ತಾನೂ ದುಡಿಯಬೇಕೆನ್ನುವ ಹುರುಡು. ಕುಂಬಾರನಿಗೆ ಕುಂಬಾರನ ಮೇಲೆ, ಬಡಗಿಗೆ ಬಡಗಿಯ ಮೇಲೆ ಇರುವ ಹುರುಡು ಇದೇ. ದುಡಿಮೆಯಲ್ಲಿ ಅವಮಾನವಿಲ್ಲ, ಸುಮ್ಮನೆ ಕೂರುವುದರಲ್ಲಿಯೇ ಅವಮಾನ ಎಂಬುದು ಅವನ ನಿಲುವು.

ದುಡಿಮೆಯ ಕಾಲವನ್ನು ಅವನು ಆಕಾಶದಿಂದ ಓದುತ್ತಾನೆ. ಕೃತ್ತಿಕೆಯ ಗುಂಪು ಸೂರ್ಯೋದಯಕ್ಕೆ ಮೊದಲು ಮೂಡಿದಾಗ ಕುಯ್ಲು. ಬೆಳಗಿನ ಜಾವ ಅದು ಮುಳುಗತೊಡಗಿದಾಗ ಉಳುಮೆ. ನಡುವೆ ನಲವತ್ತು ದಿನ ಕೃತ್ತಿಕೆ ಕಣ್ಣಿಗೆ ಬೀಳದು. ಗ್ರೀಸಿನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಆದುದರಿಂದ ಅವರ ಉಳುಮೆ ಸುಮಾರು ನವೆಂಬರಿಗೆ, ಕುಯ್ಲು ಸುಮಾರು ಮೇ ತಿಂಗಳಿಗೆ. ತಿಂಗಳು ಬೇರೆಯಾದರೂ ರೂಢಿ ನಮ್ಮದರಂತೆಯೇ. ನಮ್ಮ ರೈತರೂ ಮಳೆಯನ್ನು ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ನಕ್ಷತ್ರದ ಹೆಸರಿನಿಂದಲೇ ಎಣಿಸುತ್ತಾರೆ.

ಇಷ್ಟೆಲ್ಲ ಬಲ್ಲ ಹೆಸಿಯಡ್ ಕಂಡ ಲೋಕ ಎಷ್ಟು? ಹಡಗು ಹತ್ತಿದ್ದು ಒಂದೇ ಸಲ. ಔಲಿಸ್‌ನಿಂದ ಎದುರಿನ ಯುಬೀಯ ದ್ವೀಪಕ್ಕೆ. ನಡುವಿನ ಕಡಲಗಾಲುವೆ ಅತಿ ಕಿರಿದಾದ ಕಡೆ ನಲವತ್ತು ಮೀಟರಿನಷ್ಟೇ ಅಗಲ. ಅಲ್ಲಿ ಖಾಲ್ಕಿಸ್ ಪಟ್ಟಣದಲ್ಲಿ ಹಾಡಿನ ಪಂದ್ಯ ಗೆದ್ದು, ಹಿಡಿಕೆಗಳುಳ್ಳ ಮೂರುಕಾಲಿನ ಪಾತ್ರೆಯೊಂದನ್ನು ಬಹುಮಾನವಾಗಿ ಪಡೆದನು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ದೇವಿಯರು ತನಗೆ ಮೊದಲು ಹಾಡು ಕಲಿಸಿದ ಜಾಗದಲ್ಲಿ, ಹೆಲಿಕಾನಿನಲ್ಲಿ, ಅವರಿಗೇ ಒಪ್ಪಿಸಿದನು.

7. ಯಾತ್ರಿಕನು ಕಂಡದ್ದು

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಪಾಸೇನಿಯಸ್ ಎಂಬ ಯಾತ್ರಿಕನು ಗ್ರೀಸನ್ನು ಸುತ್ತಿ, ಕಂಡುದನ್ನೂ ಕೇಳಿದುದನ್ನೂ ಬರೆದಿಟ್ಟನು. ಹೆಸಿಯಡನ ಕಾಲಕ್ಕೆ ಆಗ ಎಂಟುನೂರು ವರ್ಷಗಳ ಮೇಲಾಗಿದ್ದಿತು. ಆಸ್ಕ್ರ ಹಳ್ಳಿಯಲ್ಲಿ ನೆನಪಿಡುವಂಥದೆಂದು ಅವನಿಗೆ ಕಂಡದ್ದು ಒಂದು ಗೋಪುರ ಮಾತ್ರ. ಆದರೆ ಮೇಲಿನ ಕಣಿವೆಯಲ್ಲಿ ಮ್ಯೂಸ್ ದೇವಿಯರ ತೋಪು ವೈಭವದಿಂದಿದ್ದಿತು. ದೊಡ್ಡ ಶಿಲ್ಪಿಗಳು ಮಾಡಿದ ವಿಗ್ರಹಗಳಿದ್ದವು. ಥೆಸ್ಪಿಯೇ ಪಟ್ಟಣದವರು ಅಲ್ಲಿ ಹಬ್ಬವನ್ನೂ ಸ್ಪರ್ಧೆಗಳನ್ನೂ ನಡೆಸುತ್ತಿದ್ದರು. ಹೆಸಿಯಡನದೆಂದು ಹೇಳುವ ಮೂರುಕಾಲಿನ ಪಾತ್ರೆಯನ್ನು ಅವನು ಕಂಡನು. ಚಿಲುಮೆಯ ಬಳಿ ಜನರು ಅವನಿಗೆ ಒಂದು ಸೀಸದ ತಗಡನ್ನು ತೋರಿಸಿದರು. ಅದರ ಮೇಲೆ ದುಡಿಮೆಯ ಕಾವ್ಯವನ್ನು ಕೊರೆದಿದ್ದರು. ಬಹುಭಾಗ ಸವೆದು ಹೋಗಿದ್ದಿತು.

ಸ್ಥಳದ ಜನ ಹೇಳಿದ ಮಾತುಗಳನ್ನೂ ಅವನು ಬಿಟ್ಟಿಲ್ಲ. ಹೆಲಿಕಾನಿನಲ್ಲಿ ವಿಷದ ಗಿಡವೇ ಇಲ್ಲವಂತೆ. ಆ ಸೊಪ್ಪುಸದೆಯಿಂದಾಗಿ ಅಲ್ಲಿನ ಹಾವಿಗೂ ವಿಷ ಕಡಿಮೆಯಂತೆ. ಮೊದಲು ಮ್ಯೂಸ್ ದೇವಿಯರು ಒಂಬತ್ತಲ್ಲ, ಮೂವರೇ ಇದ್ದರಂತೆ. ಅವರ ಹೆಸರುಗಳ ಅರ್ಥ ಅಭ್ಯಾಸ, ನೆನಪು, ಹಾಡು. ಈ ಮೂರು ಹೆಸರುಗಳು ಚಿಕ್ಕವಾದರೂ ವಿದ್ಯೆಯ ಪೂರ್ತಿ ದಾರಿಯನ್ನು ಹೇಳುತ್ತವೆ. ಮೊದಲು ಅಭ್ಯಾಸ, ಅಭ್ಯಾಸದಿಂದ ನೆನಪು, ನೆನಪಿನಿಂದ ಹಾಡು.

8. ಬೆಟ್ಟ ಪಟ್ಟಣಕ್ಕೆ ಬಂದದ್ದು

ಮ್ಯೂಸ್ ದೇವಿಯರ ಸ್ಥಾನಕ್ಕೆ ಗ್ರೀಕರು ‘ಮ್ಯೂಸಿಯಾನ್’ ಎನ್ನುತ್ತಿದ್ದರು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಟಾಲೆಮಿ ಅರಸರು ವಿದ್ವಾಂಸರಿಗಾಗಿ ಒಂದು ಮ್ಯೂಸಿಯಾನ್ ನಡೆಸಿದರು. ಪ್ರಸಿದ್ಧವಾದ ಪುಸ್ತಕ ಭಂಡಾರವೂ ಅದಕ್ಕೆ ಸೇರಿದ್ದಿತು. ನಾವು ಇಂದು ಆಡುವ ‘ಮ್ಯೂಸಿಯಂ’ ಎಂಬ ಮಾತು ಅಲ್ಲಿಂದ ಬಂದಿತು. ‘ಮ್ಯೂಸಿಕ್’ ಎಂಬುದೂ ಈ ದೇವಿಯರ ಹೆಸರಿನಿಂದಲೇ ಬಂದುದು.

ಆ ಪುಸ್ತಕ ಭಂಡಾರದಲ್ಲಿ ಕಲಿಮಾಕಸ್ ಎಂಬ ಕವಿ ಕೆಲಸ ಮಾಡುತ್ತಿದ್ದನು. ಅವನೂ ಆ ಪಟ್ಟಣದವನಲ್ಲ. ಈಗಿನ ಲಿಬಿಯದ ಸೈರೀನಿನಿಂದ ಬಂದವನು. ಭಂಡಾರದ ಗ್ರಂಥಕರ್ತರನ್ನೂ ಗ್ರಂಥಗಳನ್ನೂ ವಿಂಗಡಿಸಿ 120 ಸುರುಳಿಗಳ ಪಟ್ಟಿಯೊಂದನ್ನು ಸಿದ್ಧಮಾಡಿದನು. ಪಟ್ಟಿ ಬರೆಯುವ ಕೆಲಸ ಎಷ್ಟು ಬೇಸರದ್ದೆಂಬುದು ಆಫೀಸಿನಲ್ಲಿ ದುಡಿಯುವ ನಮ್ಮ ಮಿತ್ರರಿಗೆ ಗೊತ್ತು. ಅಂಥ ಮನುಷ್ಯನು ಒಂದು ಕಾವ್ಯದಲ್ಲಿ ತನ್ನ ಕನಸನ್ನು ಹೇಳಿದ್ದಾನೆ: ಕನಸಿನಲ್ಲಿ ಅವನು ಲಿಬಿಯದಿಂದ ಹೆಲಿಕಾನಿಗೆ ಹೋದನು, ಅಲ್ಲಿ ದೇವಿಯರನ್ನು ಕಂಡು, ಹಳೆಯ ಆಚಾರಗಳೂ ಹಬ್ಬಗಳೂ ಹೇಗೆ ಹುಟ್ಟಿದವೆಂದು ಒಂದೊಂದಾಗಿ ಕೇಳಿದನು, ಅವರು ಉತ್ತರ ಹೇಳಿದರು. ಮೇಲೆ ಹೇಳಿದ ಟೈರೀಸಿಯಸನ ಕಥೆಯನ್ನು ಅಷ್ಟು ಸೊಗಸಾಗಿ ಹೇಳಿದವನೂ ಇವನೇ.

ಮುಂದೆ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು 330ರಲ್ಲಿ ಪ್ರತಿಷ್ಠಿಸಿದ ತನ್ನ ಹೊಸ ರಾಜಧಾನಿಯ ಅಲಂಕಾರಕ್ಕೆಂದು ಹೆಲಿಕಾನಿನ ದೇವಿಯರ ವಿಗ್ರಹಗಳನ್ನು ಒಯ್ದನು. 404ರಲ್ಲಿ ಆ ನಗರದ ಸೆನೆಟ್ ಭವನಕ್ಕೆ ಬೆಂಕಿ ಬಿದ್ದಾಗ ಅವು ಸುಟ್ಟುಹೋದವೆಂದು ಹಳೆಯ ಇತಿಹಾಸಕಾರನೊಬ್ಬನು ಬರೆದಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಪುರಾತತ್ವಜ್ಞರು ಕಣಿವೆಯಲ್ಲಿ ಅಗೆದು ಬಲಿಪೀಠದ ಮತ್ತು ನಾಟ್ಯಶಾಲೆಯ ಅವಶೇಷಗಳನ್ನು ಕಂಡರು. ಆಸ್ಕ್ರದ ನೆಲೆಯನ್ನೂ ಈಗ ಗುರುತಿಸಿದ್ದಾರೆ. ಹತ್ತಿರದ ಗುಡ್ಡದ ಮೇಲೆ ಮುರಿದ ಗೋಪುರವೊಂದು ನಿಂತಿದೆ; ಪಾಸೇನಿಯಸ್ ಕಂಡದ್ದು ಅದೇ ಇರಬೇಕೆಂದು ವಿದ್ವಾಂಸರ ಅಭಿಪ್ರಾಯ.

ಪಾಠದ ಸಾರ

ಊರು ಕೆಟ್ಟದ್ದು, ಬೆಟ್ಟ ಪವಿತ್ರ ಎಂದು ಒಬ್ಬನೇ ಹೇಗೆ ಹೇಳಿದನೆಂದು ಕೇಳಿದೆವು. ಉತ್ತರ ಹೀಗಿರಬಹುದು. ತಂದೆ ಅಲ್ಲಿಗೆ ಬಂದದ್ದು ಅನ್ನಕ್ಕಾಗಿ. ಅನ್ನದ ಮಟ್ಟಿಗೆ ಆ ಊರು ಕಷ್ಟದ್ದೇ. ಅದನ್ನು ಮುಚ್ಚಿಡಲು ಮಗನು ಒಪ್ಪಲಿಲ್ಲ. ಆದರೆ ಮಾತು ಕಲಿತದ್ದೂ ಅಲ್ಲಿಯೇ, ಅನ್ಯಾಯವನ್ನು ಕಂಡು ಬಾಯಿ ತೆರೆದದ್ದೂ ಅಲ್ಲಿಯೇ. ಅದನ್ನೂ ಅವನು ಮರೆಯಲಿಲ್ಲ. ಬಂದು ಸೇರಿದ ನೆಲವನ್ನು ಹೊಗಳಿಕೆಯಿಂದಲ್ಲ, ನೆನಪಿನಿಂದಲೂ ದುಡಿಮೆಯಿಂದಲೂ ತನ್ನದಾಗಿ ಮಾಡಿಕೊಂಡನು. ಬೆಟ್ಟ ಪವಿತ್ರವಾದದ್ದು ಹೀಗೆ.

ಹಳ್ಳಿ ಅಳಿಯಿತು, ತಗಡು ಸವೆಯಿತು, ವಿಗ್ರಹ ಸುಟ್ಟಿತು. ಬಡ ವಲಸಿಗನ ಮಗನ ಮಾತು ಮಾತ್ರ ಒಂದು ಕೈಯಿಂದ ಇನ್ನೊಂದು ಕೈಗೆ ನಕಲಾಗುತ್ತ ಬಂದು ಇಂದು ಈ ವಾಚನಾಲಯದ ಮೇಜನ್ನೂ ಮುಟ್ಟಿದೆ. ನಮ್ಮ ಊರಿನ ಬೆಟ್ಟಕ್ಕೂ ಒಂದು ಕಥೆಯಿದ್ದರೆ, ಅದನ್ನು ಬಲ್ಲವರು ಇರುವಾಗಲೇ ಒಂದು ಹಾಳೆಯ ಮೇಲೆ ಬರೆದಿಡುವುದು ಒಳ್ಳೆಯದು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಗ್ರೀಕರು ಜ್ಯೂಸನ ಸ್ಥಾನವನ್ನು ಬೆಟ್ಟದ ತುದಿಯಲ್ಲಿ ಕಲ್ಪಿಸಲು ಕಾರಣವೇನು?
2. ಮ್ಯೂಸ್ ದೇವಿಯರ ತಾಯಿ ಯಾರು? ಆ ಹೆಸರಿನ ಅರ್ಥವೇನು? ನೆನಪಿನಿಂದ ಕಷ್ಟದ ಮರೆವು ಹೇಗೆ ಬರುತ್ತದೆ?
3. ಹೆಸಿಯಡನು ಹೇಳುವ ಎರಡು ಬಗೆಯ ಜಗಳಗಳಿಗೆ ನಿಮ್ಮ ಕೆಲಸದ ಜಾಗದಿಂದ ಒಂದೊಂದು ಉದಾಹರಣೆ ಕೊಡಿರಿ.
4. ನಿಮ್ಮ ಊರಿನ ಒಂದು ಬೆಟ್ಟದ ಅಥವಾ ಕೆರೆಯ ಸ್ಥಳಪುರಾಣವನ್ನು ಇಪ್ಪತ್ತು ಸಾಲುಗಳಿಗೆ ಮೀರದಂತೆ ಬರೆಯಿರಿ. ಅದರಲ್ಲಿ ಕಣ್ಣಿಗೆ ಕಾಣುವ ನಿಜವೆಷ್ಟು, ಕಟ್ಟಿದ ಕಥೆಯೆಷ್ಟು ಎಂಬುದನ್ನು ಗುರುತಿಸಿರಿ.